ಬಸುರಿನ ಮಾತ್ರೆ, ಮಗುವಿನ ಅಲರ್ಜಿ: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಗರ್ಭಿಣಿಯರಿಗೆ, ಅವರ ಗಂಡಂದಿರಿಗೆ, ಮನೆಯ ಹಿರಿಯರಿಗೆ. ಓದಿ, ತಾಯಿ ಕಾರ್ಡಿನ ಜೊತೆ ಇಟ್ಟುಕೊಳ್ಳಿ.

ತಪಾಸಣೆಗೆ ಬರುವವರಲ್ಲಿ ಎರಡು ಬಗೆಯ ಹೆದರಿಕೆ ನೋಡುತ್ತೇವೆ. ಗಂಡನಿಗೆ ಬೆಳಗೆದ್ದರೆ ಸೀನು, ಅಕ್ಕನ ಮಗುವಿಗೆ ಉಬ್ಬಸ. ಹುಟ್ಟುವ ಕೂಸಿಗೂ ಬಂದೀತೆಂದು ಒಬ್ಬರು ಅಂಗಡಿಯಿಂದ ವಿಟಮಿನ್ ಡಬ್ಬಿ ತರಿಸಿ ನುಂಗುತ್ತಾರೆ. ಮಾತ್ರೆ ನುಂಗಿದರೇ ಮಗುವಿಗೆ ಅಲರ್ಜಿ ಬರುತ್ತದಂತೆ ಎಂದು ಮೊಬೈಲಿನಲ್ಲಿ ನೋಡಿದ ಇನ್ನೊಬ್ಬರು ಆಸ್ಪತ್ರೆಯಲ್ಲಿ ಕೊಟ್ಟದ್ದನ್ನೂ ಬಿಡುತ್ತಾರೆ. ಎರಡೂ ತಪ್ಪು. ಈ ಮಾತ್ರೆಗಳು ತಾಯಿಯ ರಕ್ತಕ್ಕೆ, ಮಗುವಿನ ಬೆನ್ನುಹುರಿಗೆ, ಇಬ್ಬರ ಮೂಳೆಗೆ. ಅಲರ್ಜಿ ತಡೆಯಲೆಂದು ಹೆಚ್ಚು ನುಂಗುವಂಥವಲ್ಲ, ಅಲರ್ಜಿಗೆ ಹೆದರಿ ಬಿಡುವಂಥವೂ ಅಲ್ಲ.

ಮಾಡಬೇಕಾದ್ದು

1. ಮಗು ಬೇಕೆಂದು ನಿರ್ಧರಿಸಿದ ದಿನದಿಂದಲೇ ಫೋಲಿಕ್ ಆಮ್ಲ ಶುರು ಮಾಡಿ. ದಿನಕ್ಕೆ 400 ಮೈಕ್ರೊಗ್ರಾಂ, ಮೂರು ತಿಂಗಳು ತುಂಬುವವರೆಗೆ. ಮಗುವಿನ ಬೆನ್ನುಹುರಿಯ ನಾಳ ಗರ್ಭ ಕಟ್ಟಿದ ಸುಮಾರು 28 ದಿನಕ್ಕೆ ಮುಚ್ಚಿಕೊಳ್ಳುತ್ತದೆ. ಮುಟ್ಟು ನಿಂತಿದೆ ಎಂದು ನಿಮಗೆ ಗೊತ್ತಾಗುವ ಹೊತ್ತಿಗೆ ಆ ಕೆಲಸ ಮುಗಿಯುತ್ತ ಬಂದಿರುತ್ತದೆ. ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷವಿದ್ದರೆ, ಅಥವಾ ನೀವು ಮೂರ್ಛೆರೋಗದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಗರ್ಭ ಧರಿಸುವ ಮೊದಲೇ ವೈದ್ಯರನ್ನು ಕಾಣಿ. ನಿಮಗೆ ಬೇಕಾದ ಪ್ರಮಾಣ ಬೇರೆ.

2. ನಾಲ್ಕನೇ ತಿಂಗಳಿನಿಂದ ಕೆಂಪು ಕಬ್ಬಿಣದ ಮಾತ್ರೆ ದಿನಕ್ಕೊಂದು, 180 ದಿನ. ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಹೆರಿಗೆಯಾದ ಮೇಲೆ ಮತ್ತೆ 180 ದಿನ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಎಷ್ಟು ಮಾತ್ರೆ ಎಂಬುದನ್ನು ವೈದ್ಯರು ಹೇಳಲಿ.

3. ಕ್ಯಾಲ್ಸಿಯಂ 500 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಊಟದ ಜೊತೆ. ಇದೂ ನಾಲ್ಕನೇ ತಿಂಗಳಿನಿಂದ.

4. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಕನಿಷ್ಠ ಎರಡು ಗಂಟೆ ಅಂತರವಿರಲಿ. ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಕಬ್ಬಿಣದ ಮಾತ್ರೆಯನ್ನು ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಂಡರೆ ಒಳ್ಳೆಯದು. ಅದರ ಹಿಂದೆ ಮುಂದೆ ಒಂದು ಗಂಟೆ ಕಾಫಿ, ಟೀ ಬೇಡ.

5. ಹೊಟ್ಟೆ ತೊಳಸಿದರೆ ಮಾತ್ರೆಯನ್ನು ರಾತ್ರಿ ಊಟವಾದ ಮೇಲೆ ನುಂಗಿ ಮಲಗಿ. ಮಲ ಕಪ್ಪಾದರೆ ಗಾಬರಿ ಬೇಡ, ಅದು ಕಬ್ಬಿಣದ ಬಣ್ಣ. ಮಲಬದ್ಧತೆಗೆ ಸೊಪ್ಪು, ಹಣ್ಣು, ನೀರು ಹೆಚ್ಚಿಸಿ. ತಡೆಯಲಾಗದಿದ್ದರೆ ಬಂದು ಹೇಳಿ, ಬೇರೆ ದಾರಿ ಇದೆ.

6. ನಿಮಗೇ ಉಬ್ಬಸವಿದ್ದರೆ ಇನ್ಹೇಲರ್ ಮುಂದುವರಿಸಿ. ಹತೋಟಿ ತಪ್ಪಿದ ಉಬ್ಬಸದಿಂದ ದಿನ ತುಂಬುವ ಮೊದಲೇ ಹೆರಿಗೆಯಾಗುವ, ಮಗುವಿನ ತೂಕ ಕಡಿಮೆಯಾಗುವ ಅಪಾಯವಿದೆ. ನಿಮ್ಮ ಉಸಿರೇ ಮಗುವಿನ ಉಸಿರು.

7. ಮೀನು ತಿನ್ನುವ ಮನೆಯವರು ವಾರಕ್ಕೆ ಎರಡು ಸಲ ಬೂತಾಯಿ, ಬಂಗುಡೆ ತಿನ್ನಿ. ಅಲರ್ಜಿಯ ವಿಷಯದಲ್ಲಿ ಒಂದಿಷ್ಟು ಭರವಸೆ ಕಂಡಿರುವುದು ಮೀನೆಣ್ಣೆಯಲ್ಲಿ. ಡೆನ್ಮಾರ್ಕಿನಲ್ಲಿ ಕೊನೆಯ ಮೂರು ತಿಂಗಳು ಅದನ್ನು ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ಉಬ್ಬಸ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತೆಂದು 2016ರಲ್ಲಿ ಪ್ರಕಟವಾಯಿತು. ಹೆಚ್ಚು ಲಾಭವಾದದ್ದು ರಕ್ತದಲ್ಲಿ ಆ ಅಂಶ ಮೊದಲೇ ಕಡಿಮೆ ಇದ್ದವರಿಗೆ. ಅಲ್ಲಿ ಕೊಟ್ಟದ್ದು ದೊಡ್ಡ ಪ್ರಮಾಣ, ಆದ್ದರಿಂದ ಕ್ಯಾಪ್ಸೂಲ್ ಬೇಕೇ ಬೇಡವೇ ಎಂಬುದನ್ನು ವೈದ್ಯರಿಗೆ ಬಿಡಿ.

ಮಾಡಬಾರದ್ದು

1. ವಿಟಮಿನ್ ಡಿ 60,000 ಯೂನಿಟ್‌ನ ಕ್ಯಾಪ್ಸೂಲನ್ನು ದಿನವೂ ನುಂಗಬೇಡಿ. ಸಾಮಾನ್ಯವಾಗಿ ಅದನ್ನು ಬರೆದುಕೊಡುವುದು ವಾರಕ್ಕೊಂದರಂತೆ. ಒಂದು ಪಟ್ಟಿಯಲ್ಲಿ ನಾಲ್ಕೇ ಇದ್ದರೆ ಅದು ನಾಲ್ಕು ವಾರಕ್ಕೆ, ನಾಲ್ಕು ದಿನಕ್ಕಲ್ಲ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಸುಸ್ತು ಬರುತ್ತದೆ, ಮೂತ್ರಪಿಂಡ ಕೆಡುತ್ತದೆ.

2. ಅಲರ್ಜಿ ತಡೆಯಲೆಂದು ವಿಟಮಿನ್ ಡಿ ಹೆಚ್ಚಿಸಬೇಡಿ. ಅಮೆರಿಕದಲ್ಲಿ ಗರ್ಭಿಣಿಯರಿಗೆ ದಿನಕ್ಕೆ 4,400 ಯೂನಿಟ್ ಕೊಟ್ಟು ನೋಡಿದರು. ಮಕ್ಕಳಿಗೆ ಮೂರು ವರ್ಷವಾದಾಗ ಉಬ್ಬಸ ತುಸು ಕಡಿಮೆ ಕಂಡಿತು, ಆದರೆ ಆರು ವರ್ಷದ ಹೊತ್ತಿಗೆ ವ್ಯತ್ಯಾಸವೇ ಉಳಿಯಲಿಲ್ಲ. ಇಂಗ್ಲೆಂಡಿನಲ್ಲಿ 1,000 ಯೂನಿಟ್ ಕೊಟ್ಟಾಗ ಒಂದು ವರ್ಷದ ಕೂಸುಗಳಲ್ಲಿ ಇಸುಬು ಕಡಿಮೆ ಇತ್ತು, ಎರಡು ವರ್ಷ ತುಂಬುವಾಗ ಆ ಲಾಭವೂ ಹೋಗಿತ್ತು. ಕೊರತೆ ಇದ್ದರೆ ವೈದ್ಯರು ಹೇಳಿದಷ್ಟು ತೆಗೆದುಕೊಳ್ಳಿ, ಅದಕ್ಕಿಂತ ಒಂದೂ ಹೆಚ್ಚಲ್ಲ.

3. ಅಲರ್ಜಿಯ ಸುದ್ದಿ ಕೇಳಿ ಫೋಲಿಕ್ ಆಮ್ಲ ಬಿಡಬೇಡಿ. ಕೊನೆಯ ತಿಂಗಳುಗಳಲ್ಲಿ ಅದನ್ನು ತೆಗೆದುಕೊಂಡವರ ಮಕ್ಕಳಲ್ಲಿ ಅಸ್ತಮಾ ಸ್ವಲ್ಪ ಹೆಚ್ಚೆಂದು 2009ರಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನ ಹೇಳಿದ್ದು ನಿಜ. ಆಮೇಲೆ ಬಂದ ಅಧ್ಯಯನಗಳು ಅದನ್ನು ಒಂದೇ ದನಿಯಲ್ಲಿ ಒಪ್ಪಿಲ್ಲ. ಇತ್ತ ಬೆನ್ನುಹುರಿಯ ಲೆಕ್ಕ ನೋಡಿ: ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1991ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮೊದಲೊಮ್ಮೆ ಇಂಥ ದೋಷದ ಮಗುವನ್ನು ಹೆತ್ತಿದ್ದ ತಾಯಂದಿರಲ್ಲಿ ಅದು ಮರುಕಳಿಸುವುದು ಶೇ. 72ರಷ್ಟು ತಗ್ಗಿತು. ಅನುಮಾನಕ್ಕೆ ಹೆದರಿ ಈ ರಕ್ಷಣೆಯನ್ನು ಕೈಬಿಡಬೇಡಿ.

4. ವಿಟಮಿನ್ ಎ ಮಾತ್ರೆ, ಮೀನಿನ ಲಿವರ್ ಎಣ್ಣೆಯ ಕ್ಯಾಪ್ಸೂಲ್ ಮುಟ್ಟಬೇಡಿ. ಮೀನೆಣ್ಣೆ ಬೇರೆ, ಲಿವರ್ ಎಣ್ಣೆ ಬೇರೆ. ಎರಡನೆಯದರಲ್ಲಿ ರೆಟಿನಾಲ್ ತುಂಬಿರುತ್ತದೆ. ದಿನಕ್ಕೆ 10,000 ಯೂನಿಟ್ ಮೀರಿದ ರೆಟಿನಾಲ್ ಮಗುವಿನ ಅಂಗ ಬೆಳೆಯುವುದನ್ನೇ ಕೆಡಿಸಬಹುದು. ಮೊಡವೆಗೆ ಕೊಡುವ ಐಸೊಟ್ರೆಟಿನೋಯಿನ್ ಬಸುರಿನಲ್ಲಿ ಖಡಾಖಂಡಿತ ಕೂಡದು. ಕ್ಯಾರೆಟ್, ಕುಂಬಳಕಾಯಿ, ನುಗ್ಗೆಸೊಪ್ಪಿಗೆ ಈ ಭಯವಿಲ್ಲ, ಹೊಟ್ಟೆ ತುಂಬ ತಿನ್ನಿ.

5. ಮಗುವಿಗೆ ಅಲರ್ಜಿ ಆದೀತೆಂದು ಶೇಂಗಾ, ಮೊಟ್ಟೆ, ಹಾಲು, ಗೋಧಿ ಬಿಡಬೇಡಿ. ಅಲರ್ಜಿಯ ಮನೆತನದ ತಾಯಂದಿರು ಶೇಂಗಾ ತಿನ್ನದಿರುವುದು ಒಳ್ಳೆಯದೆಂದು ಬ್ರಿಟನ್ ಸರ್ಕಾರ 1998ರಲ್ಲಿ ಹೇಳಿತ್ತು, 2009ರಲ್ಲಿ ಆ ಮಾತನ್ನು ಹಿಂತೆಗೆದುಕೊಂಡಿತು. ಬಿಡಬೇಕಾದ್ದು ನಿಮಗೇ ಒಗ್ಗದ ಆಹಾರವನ್ನು ಮಾತ್ರ.

6. ಕಬ್ಬಿಣದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ, ತೀರಾ ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ. ಹೆರಿಗೆಯನ್ನು ಕಷ್ಟಕ್ಕೆ ನೂಕುವುದು ರಕ್ತಹೀನತೆ.

7. ಕೆಂಪು ಮಾತ್ರೆಯನ್ನು ಕಿಟಕಿಯ ಕಟ್ಟೆ, ದಿಂಬಿನ ಕೆಳಗೆ, ಮೊದಲ ಮಗುವಿನ ಕೈಗೆಟಕುವಲ್ಲಿ ಇಡಬೇಡಿ. ನುಣುಪಾಗಿ ಹೊಳೆಯುವ ಆ ಮಾತ್ರೆ ಎರಡು ವರ್ಷದ ಮಗುವಿನ ಕಣ್ಣಿಗೆ ಪೆಪ್ಪರಮೆಂಟು. ಒಂದು ಹಿಡಿ ನುಂಗಿದರೆ ಜೀವಕ್ಕೇ ಅಪಾಯ. ನುಂಗಿದ ಅನುಮಾನ ಬಂದರೂ ಸಾಕು, ಪಟ್ಟಿ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಿ.

ಮಗು ಹುಟ್ಟಿದ ಮೇಲೆ

1. ಆರು ತಿಂಗಳು ಎದೆಹಾಲು ಮಾತ್ರ. ವಿಟಮಿನ್ ಡಿ ಹನಿ ದಿನಕ್ಕೆ 400 ಯೂನಿಟ್, ಒಂದು ವರ್ಷದವರೆಗೆ. ಸೀಸೆಯ ಮೇಲೆ 1 ಮಿ.ಲೀ.ಗೆ ಎಷ್ಟು ಯೂನಿಟ್ ಎಂದು ಓದಿ. 400 ಇದ್ದರೆ ಒಂದು ಮಿ.ಲೀ., 800 ಇದ್ದರೆ ಅರ್ಧ.

2. ಎಣ್ಣೆ ನೀರು ಎರೆದ ಮೇಲೆ ಕೂಸಿನ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಸಬೇಡಿ. ಕೆಂಡದ ಮೇಲೆ ಲೋಬಾನ ಉದುರಿಸಿ ಮಗುವನ್ನು ಅದರ ಮೇಲೆ ಆಡಿಸುವಾಗ ಕೂದಲು ಆರುವುದಕ್ಕಿಂತ ಮೊದಲು ಆ ಹೊಗೆ ಎಳೆಯ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಜ್ಜಿಯರೇ, ನಿಮ್ಮ ಪ್ರೀತಿ ನಮಗೆ ಗೊತ್ತು. ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಅಷ್ಟೇ ಸಾಕು. ಬಾಣಂತಿ ಕೋಣೆಯಲ್ಲಿ ಬೀಡಿ, ಸಿಗರೇಟು, ಊದುಬತ್ತಿ, ಸೊಳ್ಳೆಬತ್ತಿ, ಸೌದೆಯ ಹೊಗೆ ಯಾವುದೂ ಬೇಡ. ಹೊಗೆ ಉಬ್ಬಸಕ್ಕೆ ದಾರಿ ಎಂಬುದರಲ್ಲಿ ಯಾವ ಅನುಮಾನವೂ ಇಲ್ಲ.

3. ಆರು ತಿಂಗಳಿಗೆ ರಾಗಿ ಮಣ್ಣಿ ಶುರುವಾದ ಮೇಲೆ ಚೆನ್ನಾಗಿ ಬೇಯಿಸಿದ ಮೊಟ್ಟೆ, ನುಣ್ಣಗೆ ಅರೆದು ತೆಳ್ಳಗೆ ಕಲಸಿದ ಶೇಂಗಾ ಒಂದೊಂದಾಗಿ ಕೊಡಿ. ಇಡೀ ಕಾಳು ಎಂದಿಗೂ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಲಂಡನ್ನಿನಲ್ಲಿ ಅಲರ್ಜಿಯ ಅಪಾಯ ಹೆಚ್ಚಿದ್ದ 640 ಕೂಸುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ವರ್ಷದಿಂದಲೇ ಶೇಂಗಾ ತಿಂದವರಲ್ಲಿ ಅದರ ಅಲರ್ಜಿ ಶೇ. 80ರಷ್ಟು ಕಡಿಮೆ ಇತ್ತು. ಮಗುವಿಗೆ ಜೋರು ಇಸುಬು ಇದ್ದರೆ, ಮೊಟ್ಟೆ ಒಗ್ಗದಿದ್ದರೆ, ಶೇಂಗಾ ಕೊಡುವ ಮೊದಲು ಮಕ್ಕಳ ವೈದ್ಯರನ್ನು ಕೇಳಿ.

4. ಹೊಸ ಆಹಾರ ತಿಂದ ಕೂಡಲೇ ತುಟಿ, ಮುಖ ಊದಿದರೆ, ಮೈತುಂಬ ದದ್ದು ಎದ್ದು ವಾಂತಿಯಾದರೆ, ಉಸಿರಾಟ ಕಷ್ಟವಾದರೆ, ಮಗು ಸೋತು ಬಿದ್ದರೆ ಮನೆಮದ್ದು ಹುಡುಕಬೇಡಿ. 108ಕ್ಕೆ ಕರೆ ಮಾಡಿ.

ಕೊನೆಯ ಮಾತು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಉಚಿತ. ಬರುವಾಗ ಮನೆಯಲ್ಲಿರುವುದೆಲ್ಲವನ್ನೂ ಒಂದು ಚೀಲಕ್ಕೆ ಹಾಕಿ ತನ್ನಿ: ನಾವು ಕೊಟ್ಟ ಮಾತ್ರೆ, ಅಂಗಡಿಯದು, ನೆಂಟರು ಪರದೇಶದಿಂದ ಕಳಿಸಿದ ಡಬ್ಬಿ, ನಾಟಿ ಔಷಧಿಯ ಪೊಟ್ಟಣ. ಮೇಜಿನ ಮೇಲೆ ಸುರಿಯಿರಿ. ಯಾರೂ ಬೈಯುವುದಿಲ್ಲ. ಯಾವುದು ಬೇಕು, ಯಾವುದು ಬೇಡ ಎಂದು ನಿಮ್ಮ ಎದುರಿಗೇ ಆರಿಸಿ ಕೊಡುತ್ತೇವೆ.