ಮೀಟಿಂಗಿನಲ್ಲಿ ಯಾರೂ ಬಾಯಿ ಬಿಡುತ್ತಿಲ್ಲ
ಹುಬ್ಬಳ್ಳಿ ಕಡೆಯ ನಿಮ್ಮ ನೇರ ಮಾತು ಬೆಂಗಳೂರಿನ ತಂಡಕ್ಕೆ ಗದರಿಕೆಯಂತೆ ಕೇಳುತ್ತಿದೆ ಎಂದು ಬರೆದಿದ್ದೀರಿ. ‘ನಾನಿರೋದೇ ಹೀಗೆ’ ಎಂದು ಕೈಚೆಲ್ಲುವುದನ್ನು ಪ್ರಾಮಾಣಿಕತೆ ಎನ್ನಲಾರೆ. ಸೋಮಾರಿತನ ಎನ್ನುತ್ತೇನೆ (ಕಟುವಾಯಿತೇನೋ, ಇರಲಿ). 1955ರಲ್ಲಿ ಮನಶ್ಶಾಸ್ತ್ರಜ್ಞರಾದ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ರೂಪಿಸಿದ ‘ಜೋಹರಿ ಕಿಟಕಿ’ಯ ನಾಲ್ಕು ಮನೆಗಳಲ್ಲಿ ಒಂದು, ಬೇರೆಯವರಿಗೆ ಕಂಡೂ ನಮಗೆ ಕಾಣದ ನಮ್ಮ ಗುಣಗಳದ್ದು. ಕೇಳದೆ ಅದು ಗೊತ್ತಾಗದು. ಆದರೆ ಎಲ್ಲರೆದುರು ಕೇಳಬೇಡಿ. ನಿಮ್ಮ ತಂಡದಲ್ಲಿರುವ ಚೆನ್ನೈನ ಹೊಸ ಹುಡುಗಿ, ಪುಣೆಯ ಹಿರಿಯ ಟೆಸ್ಟರ್ ಇಬ್ಬರೂ ‘ಓಕೆ ಸರ್’ ಅಂದು ಮ್ಯೂಟ್ ಆಗುತ್ತಾರೆ. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ‘ಮೊನ್ನೆ ಡೆಡ್‌ಲೈನ್ ಬಗ್ಗೆ ನಾನಾಡಿದ ಮಾತು ಹೇಗನಿಸಿತು?’ ಎಂದು ಕೇಳಿ. ಉತ್ತರ ಬಂದಾಗ ಸಮಜಾಯಿಷಿ ಬೇಡ, ಬರೆದುಕೊಳ್ಳಿ. ಸೋಮವಾರದ ಮೀಟಿಂಗಿನಲ್ಲಿ ಕಿರಿಯರಿಂದ ಮಾತು ಶುರು ಮಾಡಿಸಿ, ನಿಮ್ಮ ಅಭಿಪ್ರಾಯ ಕೊನೆಗಿರಲಿ.