ಸಂದೇಶ ತಲುಪದ ದಿನದಿಂದ ಶುರು ಮಾಡು

ಇಂಟಿಗ್ರೇಷನ್ ತಂಡಕ್ಕೆ ಹಾಕಿದರು ಎಂದು ಮುಖ ಸಣ್ಣದು ಮಾಡಿಕೊಂಡಿದ್ದೀಯಂತೆ. ಜೊತೆಗೆ ಸೇರಿದವರಿಗೆ ಮೊಬೈಲ್ ಆ್ಯಪ್, ಎಐ. ನಿನಗೆ ಮಾತ್ರ ಮಿಡಲ್‌ವೇರ್. ಬರೆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ ಎನ್ನುವುದು ನಿನ್ನ ಬೇಸರ. ಬೀಳುವುದಿಲ್ಲ, ನಿಜ. ಆದರೆ ಅದು ನಿಂತ ದಿನ ಗೋದಾಮಿನ ಬಾಗಿಲಲ್ಲಿ ಲಾರಿ ನಿಲ್ಲುತ್ತದೆ, ಬಿಡಿಭಾಗ ಕೊಟ್ಟ ಸಣ್ಣ ಕಾರ್ಖಾನೆಯವನಿಗೆ ಹಣ ಹೋಗುವುದಿಲ್ಲ, ಗ್ರಾಹಕನಿಗೆ ಒಂದೇ ಬಿಲ್ಲು ಎರಡು ಸಲ ಬರುತ್ತದೆ. ಅಷ್ಟು ಜನರ ದಿನದ ಕೆಲಸ ನಿನ್ನ ಕೈ ಹಾದು ಹೋಗುತ್ತದೆ ಕಣಮ್ಮ. ನನ್ನ ತಲೆ ನರೆತದ್ದು ಇದೇ ಕೆಲಸದಲ್ಲಿ. ಆ ಸಲಿಗೆಯಿಂದ ನಾಲ್ಕು ಮಾತು ಹೇಳುತ್ತೇನೆ, ಕೇಳು.

ನಿಮ್ಮದು ತಯಾರಿಕೆಯ ಕಂಪನಿ. ಲೆಕ್ಕಪತ್ರ, ಬಿಲ್ಲು ಎಸ್‌ಎಪಿಯಲ್ಲಿ. ಮಾರಾಟದವರ ಆರ್ಡರ್ ಸಿಆರ್‌ಎಂನಲ್ಲಿ. ಗೋದಾಮಿಗೆ ಬೇರೆ ಸಾಫ್ಟ್‌ವೇರ್. ಬ್ಯಾಂಕಿನ ಪಾವತಿ ಇನ್ನೊಂದು ಕಡೆ. ಇದೆಲ್ಲದರ ಆಚೆ ಜಿಎಸ್‌ಟಿ ಪೋರ್ಟಲ್. ಹತ್ತು ಅಪ್ಲಿಕೇಷನ್‌ಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಹೊರಟರೆ 45 ಜೋಡಣೆ ಬೇಕು, ನಡುವೆ ಮಿಡಲ್‌ವೇರ್ ಇಟ್ಟರೆ 10 ಸಾಕು ಎಂಬ ಲೆಕ್ಕವನ್ನು ತರಬೇತಿಯಲ್ಲಿ ಕಲಿಸಿರುತ್ತಾರೆ. ಲೆಕ್ಕ ಸರಿಯೇ. ಆದರೆ 45 ಕಡೆ ಹರಡಿಕೊಂಡಿದ್ದ ತಾಪತ್ರಯ ಈಗ ಒಂದೇ ಕಡೆ, ನಿನ್ನ ಮೇಜಿನ ಮೇಲೆ ಬಂದು ಕೂರುತ್ತದೆ. ಅದಕ್ಕೇ ನಾನು ಒತ್ತಿ ಹೇಳುವುದು ಒಂದೇ ಮಾತು. ‘ಇವೆರಡನ್ನೂ ಜೋಡಿಸಿಕೊಡು’ ಎಂದು ಯಾರಾದರೂ ಬಂದರೆ, ಸಂದೇಶ ಹೇಗೆ ತಲುಪಬೇಕು ಎಂದು ಯೋಚಿಸುವ ಮೊದಲು, ತಲುಪದಿದ್ದರೆ ಏನು ಮಾಡಬೇಕು ಎಂದು ಕೂತು ಬರೆ.

ಇ-ಇನ್ವಾಯ್ಸನ್ನೇ ತಗೋ. 2020ರ ಅಕ್ಟೋಬರ್ 1ರಂದು ವರ್ಷಕ್ಕೆ 500 ಕೋಟಿ ರೂಪಾಯಿ ದಾಟಿದ ವಹಿವಾಟಿನವರಿಗೆ ಕಡ್ಡಾಯವಾಗಿ ಶುರುವಾದದ್ದು, ಇಳಿಯುತ್ತ ಇಳಿಯುತ್ತ 2023ರ ಆಗಸ್ಟ್ 1ರ ಹೊತ್ತಿಗೆ 5 ಕೋಟಿ ದಾಟಿದವರಿಗೂ ಬಂತು. ಒಬ್ಬ ವ್ಯಾಪಾರಿ ಇನ್ನೊಬ್ಬ ವ್ಯಾಪಾರಿಗೆ ಮಾಡುವ ಬಿಲ್ಲನ್ನು ಜೇಸನ್ ರೂಪದಲ್ಲಿ ಸರ್ಕಾರದ ನೋಂದಣಿ ಪೋರ್ಟಲ್‌ಗೆ ಕಳಿಸಬೇಕು. ಅದು ಪರಿಶೀಲಿಸಿ ಐಆರ್‌ಎನ್ ಎಂಬ 64 ಅಕ್ಷರಗಳ ಗುರುತು ಕೊಡುತ್ತದೆ, ಜೊತೆಗೆ ಸಹಿ ಮಾಡಿದ ಕ್ಯೂಆರ್ ಕೋಡ್. ಅವೆರಡೂ ನಿಮ್ಮ ಎಸ್‌ಎಪಿಗೆ ಮರಳಿ ಬಂದು, ಬಿಲ್ಲಿನ ಮೇಲೆ ಅಚ್ಚಾಗಿ, ಆಮೇಲೆ ಲಾರಿ ಹೊರಡಬೇಕು. ಕಾಗದದ ಮೇಲೆ ಎರಡು ಬಾಣದ ಗುರುತಿನ ಕೆಲಸ.

ಈಗ ಹೀಗಾಯಿತು ಅಂದುಕೋ. ಬಿಲ್ಲು ಪೋರ್ಟಲ್ ತಲುಪಿತು, ಅಲ್ಲಿ ನೋಂದಣಿಯೂ ಆಯಿತು. ಉತ್ತರ ಬರುವ ದಾರಿಯಲ್ಲಿ ನೆಟ್‌ವರ್ಕ್ ಹೋಯಿತು. ನಿನ್ನ ಮಿಡಲ್‌ವೇರ್ ಕಾದು ಕಾದು ಟೈಮ್‌ಔಟ್ ಎಂದು ಬರೆದುಕೊಂಡಿತು. ಸರ್ಕಾರದ ಲೆಕ್ಕದಲ್ಲಿ ಬಿಲ್ಲು ಇದೆ, ನಿಮ್ಮ ಲೆಕ್ಕದಲ್ಲಿ ಇಲ್ಲ. ಮತ್ತೆ ಕಳಿಸಿದರೆ ಪೋರ್ಟಲ್ ‘ಇದು ಆಗಲೇ ನೋಂದಣಿಯಾಗಿದೆ’ ಎಂದು ತಿರಸ್ಕರಿಸುತ್ತದೆ. ಯಾಕೆಂದರೆ ಆ 64 ಅಕ್ಷರ ಸುಮ್ಮನೆ ಹುಟ್ಟಿದ್ದಲ್ಲ. ಮಾರುವವರ ಜಿಎಸ್‌ಟಿ ನಂಬರ್, ಹಣಕಾಸು ವರ್ಷ, ದಾಖಲೆಯ ಬಗೆ, ದಾಖಲೆಯ ನಂಬರ್ ಇವಿಷ್ಟನ್ನು ಹ್ಯಾಶ್ ಮಾಡಿ ತೆಗೆದದ್ದು. ಅದೇ ಬಿಲ್ಲು ನೂರು ಸಲ ಹೋದರೂ ಅದೇ ಐಆರ್‌ಎನ್. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ನೋಡು.

ಆದರೆ ನಿನ್ನ ಪ್ರೋಗ್ರಾಂ ಆ ಉತ್ತರವನ್ನು ದೋಷ ಎಂದು ಓದಿ ಬಿಲ್ಲನ್ನು ಕೆಂಪು ಪಟ್ಟಿಗೆ ತಳ್ಳಿದರೆ ಅವರ ಜಾಣತನ ವ್ಯರ್ಥ. ಗೋದಾಮಿನಲ್ಲಿ ಡ್ರೈವರ್ ಕಾಯುತ್ತಿರುತ್ತಾನೆ, ಸೂಪರ್‌ವೈಸರ್ ಫೋನಿನ ಮೇಲೆ ಫೋನು ಮಾಡುತ್ತಾನೆ, ಬಿಲ್ಲಿಂಗ್‌ನವರು ಬೇರೆ ದಾರಿ ಕಾಣದೆ ಹೊಸ ನಂಬರಿನಲ್ಲಿ ಇನ್ನೊಂದು ಬಿಲ್ಲು ಹರಿಯುತ್ತಾರೆ. ಅದಕ್ಕೆ ಐಆರ್‌ಎನ್ ಸಲೀಸಾಗಿ ಬರುತ್ತದೆ, ಲಾರಿ ಹೊರಡುತ್ತದೆ. ಒಂದೇ ಸರಕಿಗೆ ಈಗ ಎರಡು ನೋಂದಾಯಿತ ಬಿಲ್ಲು, ಎರಡು ಸಲ ತೆರಿಗೆ. ಪೋರ್ಟಲ್‌ನಲ್ಲಿ ರದ್ದು ಮಾಡಲು 24 ಗಂಟೆ ಮಾತ್ರ ಅವಕಾಶ. ಅದು ಮುಗಿದರೆ ಕ್ರೆಡಿಟ್ ನೋಟ್ ಬರೆದು ಸರಿಪಡಿಸಬೇಕು. ರದ್ದು ಮಾಡಿದ ನಂಬರನ್ನು ಮತ್ತೆ ಬಳಸುವಂತಿಲ್ಲ. ಇದೆಲ್ಲ ತಪ್ಪಬೇಕಾದರೆ, ‘ಆಗಲೇ ನೋಂದಣಿಯಾಗಿದೆ’ ಎಂಬ ಉತ್ತರ ಬಂದಾಗ ಆ ಬಿಲ್ಲಿನ ನಂಬರ್ ಕೊಟ್ಟು ಐಆರ್‌ಎನ್ ಕೇಳಿ ತರಿಸಿಕೊಳ್ಳುವ ದಾರಿಯನ್ನು ನೀನು ಮೊದಲೇ ಬರೆದಿಟ್ಟಿರಬೇಕು. ಹಾಗೆ ಕೇಳಲು ಪೋರ್ಟಲ್‌ನಲ್ಲಿ ಎಪಿಐ ಇದೆ. ಅದು ಕೆಲವೇ ಸಾಲುಗಳ ಕೋಡ್. ಆ ಸಾಲುಗಳಿಲ್ಲದಿದ್ದರೆ ಅದರ ನೋವು ಹತ್ತಾರು ಜನಕ್ಕೆ.

ಎಲ್ಲ ಕಡೆಯೂ ಎದುರಿನವರು ಇಷ್ಟು ಎಚ್ಚರವಾಗಿರುವುದಿಲ್ಲ. ಬ್ಯಾಂಕಿನ ಕಡೆಗೆ ಪಾವತಿಯ ಸಂದೇಶ ಎರಡು ಸಲ ಹೋದರೆ ಹಣವೂ ಎರಡು ಸಲ ಹೋಗಿಬಿಡಬಹುದು. ಆದ್ದರಿಂದ ನೀನು ಕಳಿಸುವ ಪ್ರತಿ ಸಂದೇಶಕ್ಕೂ ಅದರದೇ ಗುರುತು ಇರಲಿ. ಆ ಗುರುತು ವ್ಯವಹಾರದ ಒಳಗಿಂದಲೇ ಬರಲಿ: ಬಿಲ್ಲಿನ ನಂಬರ್ ಮತ್ತು ವರ್ಷ, ಅಥವಾ ಪಾವತಿಯ ದಾಖಲೆ ನಂಬರ್ ಮತ್ತು ಕಂತು. ಮರುಪ್ರಯತ್ನ ಮಾಡಿದಾಗಲೆಲ್ಲ ಹೊಸ ಗುರುತು ಹುಟ್ಟಿಸುವ ಕೋಡ್ ನೋಡಿದರೆ ಅಲ್ಲೇ ತಡೆ. ಎದುರಿನವರಿಗೆ ಎರಡನೆಯದು ಹೊಸ ಸಂದೇಶವೆಂದೇ ಕಾಣುತ್ತದೆ. ಒಂದೇ ಸಂದೇಶ ಎರಡು ಸಲ ಬಂದೇ ಬರುತ್ತದೆ ಎಂದು ನಂಬಿಯೇ ಕೆಲಸ ಮಾಡು.

ಇನ್ನು ಕ್ಯೂ ವಿಷಯ. ಗ್ರೆಗರ್ ಹೋಪೆ ಮತ್ತು ಬಾಬಿ ವುಲ್ಫ್ 2003ರಲ್ಲಿ ‘ಎಂಟರ್‌ಪ್ರೈಸ್ ಇಂಟಿಗ್ರೇಷನ್ ಪ್ಯಾಟರ್ನ್ಸ್’ ಎಂಬ ಪುಸ್ತಕ ಬರೆದರು. ಅದರಲ್ಲಿ 65 ಮಾದರಿಗಳಿವೆ. ಯಾವ ಕಂಪನಿಯ ಸಾಫ್ಟ್‌ವೇರ್ ಬಂದರೂ ಹೋದರೂ ಆ ಮಾದರಿಗಳು ಹಳಸಿಲ್ಲ. ಪುಸ್ತಕವನ್ನು ಮೇಜಿನ ಮೇಲೆ ಇಟ್ಟುಕೋ. ಹೋಪೆ ಅವರೇ 2004ರಲ್ಲಿ ಸ್ಟಾರ್‌ಬಕ್ಸ್ ಕಾಫಿ ಅಂಗಡಿಯನ್ನು ಮುಂದಿಟ್ಟುಕೊಂಡು ಒಂದು ಪುಟ್ಟ ಲೇಖನ ಬರೆದಿದ್ದರು. ನಮ್ಮ ದರ್ಶಿನಿಯಲ್ಲೂ ಅದೇ ನಡೆಯುತ್ತದೆ, ನೋಡು. ಕ್ಯಾಷಿಯರ್ ದುಡ್ಡು ತಗೊಂಡು ಟೋಕನ್ ಕೊಟ್ಟು ಮುಂದಿನವರ ಕಡೆ ತಿರುಗುತ್ತಾನೆ. ನಿನ್ನ ದೋಸೆ ತಟ್ಟೆಗೆ ಬೀಳುವವರೆಗೆ ಕಾಯುತ್ತ ಕೂತರೆ ಸಾಲು ಬೀದಿಗೆ ಬರುತ್ತದೆ. ಹಿಟ್ಟು ಮುಗಿದಿದ್ದರೆ ಕೌಂಟರಿನವನು ದುಡ್ಡು ವಾಪಸ್ ಕೊಡಿಸುತ್ತಾನೆ, ಇಲ್ಲವೇ ಇಡ್ಲಿ ಆಗಬಹುದೇ ಎಂದು ಕೇಳುತ್ತಾನೆ. ಎರಡು ಅಪ್ಲಿಕೇಷನ್‌ಗಳನ್ನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕಟ್ಟಿಹಾಕುವ ಬದಲು, ಸಂದೇಶವನ್ನು ಕ್ಯೂನಲ್ಲಿ ಬಿಟ್ಟು, ಕೆಟ್ಟರೆ ಸರಿಪಡಿಸುವ ಹೆಜ್ಜೆಯನ್ನು ಮೊದಲೇ ಬರೆದಿಡುವುದು ಎಂದರೆ ಇದೇ.

ಐಬಿಎಂನವರ ಕ್ಯೂ ಸಾಫ್ಟ್‌ವೇರ್ ಎಂಕ್ಯೂಸೀರೀಸ್ 1993ರಲ್ಲಿ ಬಂದಾಗಿನಿಂದ ಈ ವಿದ್ಯೆಯ ತಿರುಳು ಬದಲಾಗಿಲ್ಲ: ಸಂದೇಶವನ್ನು ಡಿಸ್ಕಿಗೆ ಬರೆದುಕೊಂಡ ಮೇಲೆ ‘ಸಿಕ್ಕಿತು’ ಎನ್ನುವುದು, ಎದುರಿನವರು ಎದ್ದು ಬಂದು ತೆಗೆದುಕೊಳ್ಳುವವರೆಗೆ ಕಾಪಾಡುವುದು. ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಓಪನ್ ಸೋರ್ಸ್ ಆದ ಕಾಫ್ಕಾ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಓದಿದ ಮೇಲೂ ನಿಗದಿತ ಕಾಲ ಸಂದೇಶವನ್ನು ಉಳಿಸಿಕೊಳ್ಳುತ್ತದೆ. ಬೇಕಾದರೆ ಹಿಂದಕ್ಕೆ ಹೋಗಿ ಮತ್ತೆ ಓದಬಹುದು. ಒಂದು ಎಚ್ಚರ: ಕಾಫ್ಕಾದಲ್ಲಿ ಸಂದೇಶಗಳು ಬಂದ ಸರದಿಯಲ್ಲೇ ಸಿಗುವ ಖಾತ್ರಿ ಒಂದು ಪಾರ್ಟಿಷನ್‌ನ ಒಳಗೆ ಮಾತ್ರ. ಆರ್ಡರ್ ನಂಬರನ್ನು ಕೀ ಮಾಡಿ ಕಳಿಸು, ಆಗ ಒಂದು ಆರ್ಡರಿನ ಸಂದೇಶಗಳೆಲ್ಲ ಒಂದೇ ಪಾರ್ಟಿಷನ್‌ಗೆ ಹೋಗುತ್ತವೆ. ಇಲ್ಲದಿದ್ದರೆ ‘ಆರ್ಡರ್ ರದ್ದಾಗಿದೆ’ ಎಂಬ ಸಂದೇಶ ಮೊದಲು ಬಂದು, ಆರ್ಡರ್ ಆಮೇಲೆ ಬಂದು, ಗೋದಾಮಿನವರು ರದ್ದಾದ ಸರಕನ್ನು ಕಟ್ಟಿ ಕಳಿಸುತ್ತಾರೆ.

ಎಲ್ಲವನ್ನೂ ಕ್ಯೂಗೆ ಹಾಕು ಎನ್ನುತ್ತಿಲ್ಲ. ಲಾರಿ ನಿಂತಿರುವ ಕಡೆ ಉತ್ತರ ತಕ್ಷಣ ಬೇಕು. ಗ್ರಾಹಕನ ವಿಳಾಸ ಬದಲಾದದ್ದು ಹತ್ತು ನಿಮಿಷ ತಡವಾಗಿ ತಲುಪಿದರೆ ಯಾರಿಗೂ ನಷ್ಟವಿಲ್ಲ. ತಡವಾದರೆ ಯಾರಿಗೆ ತೊಂದರೆ ಎಂದು ಬಳಸುವವರನ್ನೇ ಕೇಳು. ಅವರು ಹೇಳುವುದಕ್ಕೂ ನಿನ್ನ ಡಿಸೈನ್ ಡಾಕ್ಯುಮೆಂಟ್‌ನಲ್ಲಿ ಬರೆದಿರುವುದಕ್ಕೂ ಅಜಗಜಾಂತರ ಇರುತ್ತದೆ.

ತಲುಪಿಸಲಾಗದ ಸಂದೇಶಗಳು ಡೆಡ್ ಲೆಟರ್ ಕ್ಯೂಗೆ ಹೋಗಿ ಬೀಳುತ್ತವೆ. ನಾನು ಕಂಡ ಎಷ್ಟೋ ಕಡೆ ಆ ಕ್ಯೂ ಇತ್ತು, ಅದನ್ನು ನೋಡುವವರು ಇರಲಿಲ್ಲ. ಅದಕ್ಕೆ ವಾರಸುದಾರರು ಬೇಕು; ತಂಡದ ಹೆಸರು ಸಾಲದು, ಮನುಷ್ಯರ ಹೆಸರು ಬೇಕು. ಮರುಪ್ರಯತ್ನದಲ್ಲೂ ವಿವೇಚನೆ ಇರಲಿ. ಪೋರ್ಟಲ್ ಮಲಗಿದ್ದರೆ ಬಿಡುವು ಹೆಚ್ಚಿಸುತ್ತ ಮತ್ತೆ ಮತ್ತೆ ಕಳಿಸು. ಗ್ರಾಹಕರ ಜಿಎಸ್‌ಟಿ ನಂಬರೇ ತಪ್ಪಾಗಿದ್ದರೆ ಸಾವಿರ ಸಲ ಕಳಿಸಿದರೂ ತಪ್ಪೇ, ಅದು ತಕ್ಷಣ ಮನುಷ್ಯರ ಕೈಗೆ ಬರಬೇಕು. ಬಂದಾಗ ಅವರಿಗೆ ಅರ್ಥವಾಗುವಂತೆ ಬರಲಿ. ‘ನಲ್ ಪಾಯಿಂಟರ್ ಎಕ್ಸೆಪ್ಷನ್’ ಎಂದು ಮೇಲ್ ಹೋದರೆ ಬಿಲ್ಲಿಂಗ್‌ನ ಹೆಣ್ಣುಮಗಳು ಏನು ಮಾಡಬೇಕು? ಯಾವ ಬಿಲ್ಲು, ಯಾವ ಗ್ರಾಹಕ, ಯಾವ ಅಂಕಿ ತಪ್ಪು, ಎಲ್ಲಿ ತಿದ್ದಬೇಕು, ಇಷ್ಟನ್ನು ಬರೆದು ಕಳಿಸು. ಆಕೆ ಐದು ನಿಮಿಷದಲ್ಲಿ ತಿದ್ದುತ್ತಾಳೆ, ನಿನಗೆ ರಾತ್ರಿ ಫೋನು ಬರುವುದಿಲ್ಲ.

ತಲುಪಿದ ಸಂದೇಶವೂ ಕೆಡಿಸುತ್ತದೆ, ಅದು ಇನ್ನೂ ಕಷ್ಟ. ಎಸ್‌ಎಪಿ ಒಳಗೆ ದಿನಾಂಕವನ್ನು ವರ್ಷ, ತಿಂಗಳು, ದಿನ ಎಂದು ಇಡುತ್ತದೆ. ಇ-ಇನ್ವಾಯ್ಸಿಗೆ ದಿನ ಮೊದಲು ಬೇಕು. ಎಸ್‌ಎಪಿಯ ಗ್ರಾಹಕ ನಂಬರಿಗೆ ಮುಂದೆ ಸೊನ್ನೆಗಳಿರುತ್ತವೆ. ಯಾರೋ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರೆ ಸೊನ್ನೆಗಳು ಮಾಯ. ಜಿಎಸ್‌ಟಿ ಬಿಲ್ಲಿನ ನಂಬರ್ 16 ಅಕ್ಷರ ಮೀರುವಂತಿಲ್ಲ. ಅಳತೆಯ ಮಾನಕ್ಕೂ ಜಿಎಸ್‌ಟಿಯದೇ ಸಂಕೇತಗಳ ಪಟ್ಟಿ ಇದೆ, ನಿಮ್ಮ ಕಂಪನಿಯೊಳಗಿನ ಸಂಕೇತ ಅಲ್ಲಿ ನಡೆಯುವುದಿಲ್ಲ. ಇವೆಲ್ಲ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ಸಿಕ್ಕಿಬೀಳದಿರುವುದು ಯಾವುದೆಂದರೆ, ಗೋದಾಮಿನವರು ‘ಒಂದು’ ಎಂದು ಬರೆದಾಗ ಒಂದು ಪೆಟ್ಟಿಗೆ, ಬಿಲ್ಲಿಂಗ್‌ನವರಿಗೆ ಅದೇ ‘ಒಂದು’ ಬಿಡಿ ಸಾಮಾನು. ಸಂದೇಶ ಹಸಿರು ದೀಪ ತೋರಿಸಿ ಹೋಗುತ್ತದೆ, ದಾಸ್ತಾನು ತಿಂಗಳುಗಟ್ಟಲೆ ತಪ್ಪಾಗಿರುತ್ತದೆ. ಅಳತೆ, ಗ್ರಾಹಕ, ಬೆಲೆ, ವಸ್ತುವಿನ ಕೋಡ್ ಪ್ರತಿಯೊಂದಕ್ಕೂ ಯಾವ ಅಪ್ಲಿಕೇಷನ್ ಯಜಮಾನ ಎಂದು ಮೊದಲೇ ತೀರ್ಮಾನ ಮಾಡಿಸಿ, ಸಹಿ ಹಾಕಿಸಿಕೋ. ಈ ಮೀಟಿಂಗ್‌ಗಳಿಗೆ ಬೇಸರಪಡಬೇಡ. ನಿನ್ನ ಕೆಲಸದ ಅರ್ಧ ಇರುವುದೇ ಅಲ್ಲಿ.

ನಡುವಿನ ಪದರದಲ್ಲಿ ವ್ಯಾಪಾರದ ನಿಯಮ ತುಂಬಲು ಮಾತ್ರ ಒಪ್ಪಬೇಡ. ‘ಹಬ್ಬದ ರಿಯಾಯಿತಿ ಶೇ 5 ಇಲ್ಲೇ ಹಾಕಿಬಿಡು, ಎಸ್‌ಎಪಿಯವರು ತಿಂಗಳು ಮಾಡುತ್ತಾರೆ’ ಎಂದು ಮಾರಾಟದವರು ಪ್ರೀತಿಯಿಂದಲೇ ಕೇಳುತ್ತಾರೆ. ಒಮ್ಮೆ ಹಾಕಿದರೆ, ಎರಡು ವರ್ಷದ ಮೇಲೆ ಬಿಲ್ಲಿನ ಮೊತ್ತ ಯಾಕೆ ಹೀಗೆ ಎಂದು ಕೇಳಿದವರಿಗೆ ಎಲ್ಲಿ ಹುಡುಕಬೇಕೆಂದೇ ತಿಳಿಯುವುದಿಲ್ಲ. ಜೇಮ್ಸ್ ಲೂಯಿಸ್ ಮತ್ತು ಮಾರ್ಟಿನ್ ಫೌಲರ್ 2014ರಲ್ಲಿ ಮೈಕ್ರೋಸರ್ವಿಸ್ ಬಗ್ಗೆ ಬರೆದ ಲೇಖನದಲ್ಲಿ ಇದನ್ನೇ ಹೇಳಿದ್ದರು: ಜಾಣತನ ತುದಿಗಳಲ್ಲಿರಬೇಕು, ನಡುವಿನದು ಸರಳವಾಗಿರಬೇಕು. ರೂಪ ಬದಲಿಸು, ದಾರಿ ತೋರಿಸು, ಕಾಪಾಡು. ಬೆಲೆ ಕಟ್ಟುವ ಕೆಲಸ ನಿನ್ನದಲ್ಲ ಎಂದು ನಯವಾಗಿ, ಗಟ್ಟಿಯಾಗಿ ಹೇಳು.

ಯಾವ ಟೂಲ್ ಕಲಿಯಲಿ ಎಂದು ಕೇಳಿದ್ದೀಯ. ಕಂಪನಿಯಲ್ಲಿ ಯಾವುದಿದೆಯೋ ಅದನ್ನು ಆಳವಾಗಿ ಕಲಿ, ಸಾಕು. ಮ್ಯೂಲ್‌ಸಾಫ್ಟ್ ಆಗಲಿ, ಎಸ್‌ಎಪಿಯದೇ ಇಂಟಿಗ್ರೇಷನ್ ಸೂಟ್ ಆಗಲಿ, ಮಾದರಿಗಳು ಗೊತ್ತಿದ್ದವರಿಗೆ ಕೈ ಕೂರಲು ತಡವಾಗುವುದಿಲ್ಲ. ರಾತ್ರಿ ಹೋಗುವ ಸಿಎಸ್‌ವಿ ಫೈಲ್ ಎಂದು ಮೂಗು ಮುರಿಯಲೂ ಬೇಡ. ಕೊನೆಯ ಸಾಲಿನಲ್ಲಿ ಒಟ್ಟು ಎಷ್ಟು ದಾಖಲೆ, ಒಟ್ಟು ಮೊತ್ತ ಎಷ್ಟು ಎಂದು ಬರೆದ ಫೈಲ್ ಅನೇಕ ಎಪಿಐಗಳಿಗಿಂತ ಪ್ರಾಮಾಣಿಕ.

ಚಾಲೂ ಮಾಡುವ ದಿನಾಂಕದ ಬಗ್ಗೆ ನಿನ್ನ ಮಾತನ್ನು ಯಾರೂ ಕೇಳದಿದ್ದರೂ ಹೇಳು. ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್ 1999ರ ಜುಲೈನಲ್ಲಿ ಎಸ್‌ಎಪಿ, ಸೀಬೆಲ್, ಮನುಜಿಸ್ಟಿಕ್ಸ್ ಎಂಬ ಮೂರು ಸಾಫ್ಟ್‌ವೇರ್‌ಗಳನ್ನೂ ಒಟ್ಟಿಗೆ ಚಾಲೂ ಮಾಡಿತು. ಹ್ಯಾಲೋವೀನ್ ಹಬ್ಬದ ಆರ್ಡರ್ ಬರುವ ಕಾಲ ಅದು. ಸರಕು ಇತ್ತು, ಆದರೂ ಸುಮಾರು 10 ಕೋಟಿ ಡಾಲರ್ ಮೊತ್ತದ ಆರ್ಡರ್ ಪೂರೈಸಲಾಗಲಿಲ್ಲ. ನಮ್ಮಲ್ಲಿ ದೀಪಾವಳಿಯ ಮುಂಚಿನ ವಾರಗಳು ಮತ್ತು ಮಾರ್ಚ್ ಕೊನೆ ಹಾಗೆಯೇ. ಆ ದಿನಗಳಲ್ಲಿ ಹೊಸ ಜೋಡಣೆ ಬೇಡ ಎಂದು ಇಮೇಲ್‌ನಲ್ಲಿ ಬರೆದೇ ಹೇಳು.

ಕೊನೆಯದಾಗಿ ತಾಳೆ ನೋಡುವ ಕೆಲಸ. ಪ್ರತಿ ಸಂಜೆ ಎಸ್‌ಎಪಿಯಲ್ಲಿ ಎಷ್ಟು ಬಿಲ್ಲು, ಪೋರ್ಟಲ್‌ನಲ್ಲಿ ಎಷ್ಟು ಐಆರ್‌ಎನ್, ಗೋದಾಮಿನಿಂದ ಎಷ್ಟು ಸಾಗಣೆ ಎಂದು ಮೂರೂ ಅಂಕಿ ಒಂದೇ ಸಾಲಿನಲ್ಲಿ ಬರುವ ಪುಟ್ಟ ವರದಿ ಮಾಡು. ಮಿಡಲ್‌ವೇರ್‌ನ ಲಾಗ್‌ನಿಂದ ಲೆಕ್ಕ ತೆಗೆಯಬೇಡ, ಮೂರೂ ಕಡೆಯಿಂದ ಬೇರೆಬೇರೆಯಾಗಿ ತೆಗೆ. ಲಾಗ್‌ಗೇ ಗೊತ್ತಿಲ್ಲದ ಸಂದೇಶ ಸಿಗುವುದು ಆಗಲೇ. ಅಂಕಿ ಹೊಂದದಿದ್ದರೆ ಮೇಲ್ ನಿನಗೂ ಹೋಗಲಿ, ಡಿಸ್ಪ್ಯಾಚ್‌ನವರಿಗೂ ಹೋಗಲಿ. ನಾಳೆ ಮಧ್ಯಾಹ್ನ ಆ ಡಿಸ್ಪ್ಯಾಚ್ ವಿಭಾಗಕ್ಕೆ ಹೋಗಿ ಅವರ ಜೊತೆ ಕೂತು ಬಿಲ್ಲು ಹೇಗೆ ಹೊರಡುತ್ತದೆ ನೋಡಿಕೊಂಡು ಬಾ. ಎಲ್ಲಿ ಕಾಯುತ್ತಾರೆ, ಯಾವುದನ್ನು ಕೈಯಲ್ಲಿ ಬರೆದಿಟ್ಟುಕೊಳ್ಳುತ್ತಾರೆ ಎಂದು ಗುರುತು ಹಾಕಿಕೋ. ಭಾನುವಾರ ಮನೆಗೆ ಬಾ, ಆ ಪಟ್ಟಿಯಲ್ಲಿ ಯಾವುದನ್ನು ಮೊದಲು ಹಿಡಿಯಬೇಕು ಎಂದು ಇಬ್ಬರೂ ಕೂತು ನೋಡೋಣ.