ಲೈಮ್ ಕೊಲ್ಲಿಯ ತಣ್ಣೀರಿನಲ್ಲಿ

ಇಂಗ್ಲೆಂಡಿನ ಡಾರ್ಸೆಟ್ ತೀರದಾಚೆ, ಲೈಮ್ ಕೊಲ್ಲಿಯಲ್ಲಿ, ಸುಮಾರು ನೂರಡಿ ನೀರಿನ ಕೆಳಗೆ ಎಂ-2 ಎಂಬ ಜಲಾಂತರ್ಗಾಮಿಯು ನೆಟ್ಟಗೆ ಕುಳಿತಿದೆ. ಮೊದಲನೆಯ ಮಹಾಯುದ್ಧಕ್ಕೆಂದು ಕಲ್ಪಿತವಾಗಿದ್ದ ಈ ನೌಕೆಯ ಹನ್ನೆರಡು ಅಂಗುಲದ ಫಿರಂಗಿಯನ್ನು ಮುಂದೆ ಕಳಚಿ, ಆ ಸ್ಥಾನದಲ್ಲಿ ರೆಕ್ಕೆ ಮಡಿಸಬಲ್ಲ ಪುಟ್ಟ ಕಡಲವಿಮಾನವೊಂದಕ್ಕೆ ಗೂಡು ಕಟ್ಟಿದರು. 1932ರ ಜನವರಿ 26ರಂದು ಮುಳುಗಿದ ಅದು ಮತ್ತೆ ಮೇಲೇಳಲಿಲ್ಲ. ಒಳಗಿದ್ದ 60 ಮಂದಿಯೂ ಮಡಿದರು. ಶೋಧಕ್ಕಿಳಿದವರಿಗೆ ಗೂಡಿನ ಬಾಗಿಲು ತೆರೆದೇ ಕಂಡಿತು. ವಿಮಾನವನ್ನು ಹಾರಿಸುವ ಆತುರದಲ್ಲಿ ಅದನ್ನು ಬೇಗ ತೆರೆದುದರಿಂದ ಕಡಲು ಒಳನುಗ್ಗಿತೆಂದು ಊಹಿಸುತ್ತಾರೆ. ಸ್ಕಾಪಾ ಫ್ಲೋದಲ್ಲಿ ಜರ್ಮನ್ ಯುದ್ಧನೌಕೆಗಳನ್ನು ಎತ್ತಿದ್ದ ಅರ್ನೆಸ್ಟ್ ಕಾಕ್ಸ್ ಇದನ್ನೂ ಎತ್ತಲು ಹೆಣಗಿ, ಅದೇ ವರ್ಷದ ಡಿಸೆಂಬರಿನಲ್ಲಿ ನೀರಿನ ಮೇಲ್ಮೈಗೆ ಆರು ಮೀಟರ್ ಸಮೀಪಕ್ಕೆ ತಂದಾಗ, ಬಿರುಗಾಳಿಯೆದ್ದು ನೌಕೆಯು ಪುನಃ ತಳ ಸೇರಿತು.

ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಹುಟ್ಟಿ, ದ್ವಾರಸಮುದ್ರದ ಕೆರೆಯ ಹಿತವಾದ ನೀರಿನಲ್ಲಿ ಈಜು ಕಲಿತು, ಈಗ ಆ ನೌಕೆಯನ್ನು ಕಾಣಲು ಇಳಿಯುವ ನನಗೆ ಈ ಕಡಲು ಮೊದಲು ಕಲಿಸಿದುದು ಚಳಿಯ ಸ್ವಭಾವವನ್ನು. ಡ್ರೈ ಸೂಟಿನೊಳಗೆ ಉಣ್ಣೆ ತೊಟ್ಟಿದ್ದರೂ ಅದು ಮೊದಲು ತುಟಿಯನ್ನು, ಬಳಿಕ ಬೆರಳುಗಳನ್ನು, ಕಡೆಗೆ ವಿವೇಚನೆಯನ್ನೇ ಜಡಗೊಳಿಸುತ್ತದೆ. ಮೂವತ್ತು ಮೀಟರ್ ಆಳದಲ್ಲಿ ಒತ್ತಡವು ನಾಲ್ಮಡಿಯಾಗಿ, ಸಿಲಿಂಡರಿನ ಗಾಳಿಯೂ ನಾಲ್ಮಡಿ ವೇಗದಲ್ಲಿ ತೀರುತ್ತದೆ. ನೈಟ್ರೋಜನ್ನಿನ ಮಂಪರು ಬೇರೆ. ಆದಕಾರಣ ಹಿಂದಿರುಗುವ ಹೊತ್ತನ್ನು ದೋಣಿಯಲ್ಲಿಯೇ ನಿಶ್ಚಯಿಸಿಕೊಂಡು ಇಳಿಯತಕ್ಕದ್ದು. ಕೆಳಗೆ ಹುಟ್ಟುವ 'ಇನ್ನೈದು ನಿಮಿಷ'ದ ಆಸೆಗೆ ಕಿವಿಗೊಡಲಾಗದು.

ಹಗ್ಗ ಹಿಡಿದು ಇಳಿಯುತ್ತಿದ್ದಂತೆ ಹಸಿರು ಮಬ್ಬಿನೊಳಗಿಂದ ನೌಕೆಯ ಗೋಪುರವು ಮೂಡಿಬರುತ್ತದೆ. ಗೂಡಿನ ಬಾಯಿಗೆ ದೀಪ ಹಿಡಿದರೆ, ತುಕ್ಕುಗಟ್ಟಿದ ಅಂಚು, ಅದರಾಚೆ ಮೆತ್ತನೆಯ ಹೂಳು. ಕಾಲಿನ ರೆಕ್ಕೆಯನ್ನು ಒಮ್ಮೆ ಅಜಾಗರೂಕತೆಯಿಂದ ಬೀಸಿದರೆ ಸಾಕು, ಅದೆಲ್ಲ ಎದ್ದು ಸ್ವಂತ ಕೈಯೂ ಕಾಣದಂತಾಗುತ್ತದೆ. ನಾನು ಒಳಹೊಗುವುದಿಲ್ಲ. ಮುಳುಗಿದ ಸೇನಾನೌಕೆಗಳ ರಕ್ಷಣೆಗೆ ಬ್ರಿಟನ್ 1986ರಲ್ಲಿ ಕಾನೂನನ್ನು ಮಾಡಿದೆ, ಅದಿಲ್ಲದಿದ್ದರೂ ಹೊಗುತ್ತಿರಲಿಲ್ಲ. ನಮ್ಮೂರಿನ ಪಾರ್ಶ್ವನಾಥ ಬಸದಿಯನ್ನು ಬೊಪ್ಪದೇವನು ತನ್ನ ತಂದೆ, ವಿಷ್ಣುವರ್ಧನನ ಸೇನಾಪತಿ ಗಂಗರಾಜನ ಸ್ಮರಣಾರ್ಥವಾಗಿ 1133ರಲ್ಲಿ ಕಟ್ಟಿಸಿದನು. ಅಲ್ಲಿ ಮುಖ ಕಾಣುವಷ್ಟು ನುಣುಪಾದ ಕಂಬಗಳ ನಡುವೆ ಯಾರಾದರೂ ನಿಲ್ಲಬಹುದು. ಈ ಉಕ್ಕಿನ ಒಡಲಾದರೋ ಯಾರೂ ಕಟ್ಟಿಸಿದ ಸ್ಮಾರಕವಲ್ಲ, ಆ ಅರುವತ್ತು ಮಂದಿಯ ಸಮಾಧಿಯೇ ಆಗಿದೆ. ಹೊರಗೆ ನಿಂತು ಕೈ ಮುಗಿಯುವುದಷ್ಟೇ ನನಗುಳಿದ ಅಧಿಕಾರವೆಂದು ಬಗೆದಿದ್ದೇನೆ.

ಮೇಲೇರುವಾಗ ಐದು ಮೀಟರ್ ಆಳದಲ್ಲಿ ಮೂರು ನಿಮಿಷ ಹಗ್ಗ ಹಿಡಿದು ನಿಲ್ಲಬೇಕು. ಮೈ ಆಡಿಸದೆ ನಿಂತಾಗಲೇ ಚಳಿಯು ಎಲುಬಿಗಿಳಿಯುವುದಾದ್ದರಿಂದ, ಅಷ್ಟಕ್ಕೆ ಸಾಕಾಗುವ ಗಾಳಿಯನ್ನೂ ಮೈಯ ಬಿಸುಪನ್ನೂ ಉಳಿಸಿಕೊಂಡೇ ತಳವನ್ನು ಬಿಡಬೇಕು.